ಸಂಪಾದಕರ ಉತ್ತರ: ಅಂಗಡಿಯಲ್ಲಿ ತಪಾಸಣೆ, ಅಂಗಳದಲ್ಲಿ ಇಲ್ಲ

ಮಾನ್ಯರೇ,

ಟೆಕ್ಸಾಸ್‌ನಿಂದ ಬಂದ ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಮನೆ ಖಾಲಿ ಮಾಡುತ್ತಿರುವ ನೆರೆಯವರು ತಮ್ಮ ಹಳೆಯ ಶಾಟ್‌ಗನ್ ಮಾರುತ್ತೇನೆ, ಕಾಗದಪತ್ರವೇನೂ ಬೇಡ ಎನ್ನುತ್ತಿದ್ದಾರೆ, ಕೊಳ್ಳಬಹುದೇ? ಇಂಥ ಖಾಸಗಿ ಮಾರಾಟಕ್ಕೂ ಹಿನ್ನೆಲೆ ತಪಾಸಣೆ (ಕೊಳ್ಳುವವನಿಗೆ ಬಂದೂಕು ನಿಷೇಧವಿದೆಯೇ ಎಂದು ನೋಡುವುದು) ಕಡ್ಡಾಯ ಮಾಡಿದರೆ ಆಯಿತಲ್ಲ, ಜಗಳ ಯಾಕೆ ಮುಗಿಯುತ್ತಿಲ್ಲ?

ಎಚ್‌-1ಬಿ ವೀಸಾದಲ್ಲಿದ್ದೇನೆ ಎಂದಿದ್ದೀರಿ. ಹಾಗಿದ್ದರೆ ಆ ಕೋವಿಯನ್ನು ಮುಟ್ಟಬೇಡಿ. ಇಂಥ ವಲಸೆಯೇತರ, ಅಂದರೆ ತಾತ್ಕಾಲಿಕ ವಾಸದ, ವೀಸಾದವರು ಬಂದೂಕು ಇಟ್ಟುಕೊಳ್ಳುವುದೇ ಅಲ್ಲಿನ ಫೆಡರಲ್ ಕಾನೂನಿನಲ್ಲಿ ಅಪರಾಧ. 2022ರಿಂದ ಗರಿಷ್ಠ ಶಿಕ್ಷೆ 15 ವರ್ಷ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ ಕೈಯಲ್ಲಿದ್ದರೆ ವಿನಾಯಿತಿ ಉಂಟು. ಗ್ರೀನ್ ಕಾರ್ಡ್ ಬಂದವರಿಗೆ ಈ ತಡೆ ಇಲ್ಲ. ನೆರೆಯವರು ವೀಸಾ ಕೇಳುವುದಿಲ್ಲ, ಟೆಕ್ಸಾಸಿನಲ್ಲಿ ಕೇಳಬೇಕೆಂಬ ಕಟ್ಟುಪಾಡೂ ಇಲ್ಲ. ಆದರೆ ಕೇಳುವವರಿಲ್ಲ ಎಂದ ಮಾತ್ರಕ್ಕೆ ನಿಷೇಧ ಇಲ್ಲವಾಗುವುದಿಲ್ಲ.

ಎಡವಟ್ಟು ಇರುವುದೇ ಇಲ್ಲಿ. ತಪಾಸಣೆಯ ಹೊಣೆ ಕಟ್ಟಿರುವುದು ಲೈಸೆನ್ಸ್ ಪಡೆದ ವ್ಯಾಪಾರಿಗೆ. ಕೋವಿಗೂ ಅಲ್ಲ, ಕೊಳ್ಳುವವನಿಗೂ ಅಲ್ಲ. ಅಂಗಡಿಯಲ್ಲಿ ಗಿರಾಕಿ 4473 ಎಂಬ ಫೆಡರಲ್ ನಮೂನೆ ತುಂಬಬೇಕು. ವ್ಯಾಪಾರಿ ಎಫ್‌ಬಿಐ ನಡೆಸುವ, 1998ರ ನವೆಂಬರ್‌ನಲ್ಲಿ ಶುರುವಾದ ತಪಾಸಣಾ ವ್ಯವಸ್ಥೆಯನ್ನು ವಿಚಾರಿಸುತ್ತಾನೆ. 'ಕೊಡಬಹುದು', 'ತಡೆಯಿರಿ', 'ಕೊಡಬೇಡಿ', ಮೂರರಲ್ಲಿ ಒಂದು ಉತ್ತರ. 'ತಡೆಯಿರಿ' ಎಂದು ಮೂರು ಕೆಲಸದ ದಿನ ಕಳೆದರೂ ಮುಂದಿನ ಮಾತು ಬಾರದಿದ್ದರೆ ವ್ಯಾಪಾರಿ ಮಾರಬಹುದು. 2015ರಲ್ಲಿ ಚಾರ್ಲ್ಸ್‌ಟನ್ ಚರ್ಚಿನಲ್ಲಿ ಒಂಬತ್ತು ಜನರನ್ನು ಕೊಂದವನಿಗೆ ಪಿಸ್ತೂಲು ಸಿಕ್ಕಿದ್ದು ಹೀಗೇ. 21 ದಾಟದವರಿಗೆ ಈ ಗಡುವನ್ನು 2022ರಲ್ಲಿ ಹತ್ತು ಕೆಲಸದ ದಿನದವರೆಗೆ ಬೆಳೆಸಿದರು.

ಒಂದೇ ರಾಜ್ಯದ ಇಬ್ಬರು ಸಾಮಾನ್ಯರು ಕೊಟ್ಟು ಕೊಂಡರೆ ಫೆಡರಲ್ ಕಾನೂನು ಇದ್ಯಾವುದನ್ನೂ ಕೇಳುವುದಿಲ್ಲ; ಕೊಳ್ಳುವವನು ನಿಷೇಧಿತ ಎಂದು ಗೊತ್ತಿದ್ದೋ ಹಾಗೆ ನಂಬಲು ಕಾರಣವಿದ್ದೋ ಮಾರಬಾರದು, ಅಷ್ಟೆ. ಟೆಕ್ಸಾಸಿನದೇ ಉದಾಹರಣೆ ನೋಡಿ. 2019ರ ಆಗಸ್ಟ್ 31ರಂದು ಮಿಡ್‌ಲ್ಯಾಂಡ್-ಒಡೆಸ್ಸಾದಲ್ಲಿ ಏಳು ಜನರನ್ನು ಕೊಂದವನು 2014ರಲ್ಲಿ ಅಂಗಡಿಯ ತಪಾಸಣೆಯಲ್ಲಿ ನಪಾಸಾಗಿದ್ದ. ಆಮೇಲೆ ಖಾಸಗಿಯಾಗಿ ಕೊಂಡ. ಮಾರಿದಾತ ಜೈಲಿಗೆ ಹೋದದ್ದು ತಪಾಸಣೆ ಮಾಡಿಸದ್ದಕ್ಕಲ್ಲ, ಲೈಸೆನ್ಸ್ ಇಲ್ಲದೆ ವ್ಯಾಪಾರ ನಡೆಸಿದ್ದಕ್ಕೆ!

ಬಂದೂಕು ಮೇಳಗಳಲ್ಲಿ ತಪಾಸಣೆಯೇ ಇಲ್ಲ ಎಂಬಂತೆ ಕೇಳಿಸುವ 'ಗನ್ ಶೋ ಲೋಪ' ಎನ್ನುವ ಮಾತು ಮಾತ್ರ ದಾರಿ ತಪ್ಪಿಸುವಂಥದ್ದು. ಮೇಳದಲ್ಲಿ ಮೇಜು ಹಾಕಿದ ಲೈಸೆನ್ಸುದಾರನೂ ತಪಾಸಣೆ ಮಾಡಿಸಲೇಬೇಕು. 40% ಮಾರಾಟಕ್ಕೆ ತಪಾಸಣೆಯಿಲ್ಲ ಎಂದು ನೀವು ಉಲ್ಲೇಖಿಸಿದ್ದು 1994ರ ಸಮೀಕ್ಷೆಯ ಅಂಕಿ. 2017ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಅದು 22%.

ಕಡ್ಡಾಯ ಮಾಡಹೊರಟವರು ಎಡವಿದ್ದೂ ಉಂಟು. ನೆವಾಡಾದ ಮತದಾರರು 2016ರಲ್ಲಿ ಇಂಥ ಕಾನೂನಿಗೆ ಕೂದಲೆಳೆಯ ಅಂತರದಲ್ಲಿ ಹೂಂ ಎಂದರು. ಖಾಸಗಿ ಮಾರಾಟದ ತಪಾಸಣೆಯನ್ನು ಎಫ್‌ಬಿಐಯೇ ಮಾಡಬೇಕೆಂದು ಮಸೂದೆಯಲ್ಲಿ ಬರೆದಿತ್ತು, ಎಫ್‌ಬಿಐ ಒಲ್ಲೆ ಎಂದಿತು. ಕಾನೂನು ಹಾಗೇ ಕೂತಿತು. ತಿದ್ದಿ ಜಾರಿಗೆ ಬಂದದ್ದು 2020ರಲ್ಲಿ. ಕ್ಯಾಲಿಫೋರ್ನಿಯಾದಲ್ಲಿ 1991ರಿಂದಲೇ ಎಲ್ಲ ಮಾರಾಟಕ್ಕೂ ತಪಾಸಣೆ ಇದ್ದರೂ, ಮೊದಲ ಹತ್ತು ವರ್ಷ ಬಂದೂಕು ಕೊಲೆಗಳಲ್ಲಿ ಅದರಿಂದಾದ ಇಳಿಕೆ ಕಾಣಲಿಲ್ಲ ಎಂಬ ಅಧ್ಯಯನ 2018ರಲ್ಲಿ ಬಂತು.

ಹಾಗಾದರೆ ತಪಾಸಣೆ ವ್ಯರ್ಥವೇ? ನಮಗೆ ಹಾಗೆ ಅನಿಸುವುದಿಲ್ಲ. ಜಗಳದ ಬೇರು ದಾಖಲೆಯಲ್ಲಿದೆ. 1986ರ ಕಾನೂನು ಬಂದೂಕುಗಳ ಕೇಂದ್ರ ನೋಂದಣಿಯನ್ನು ನಿಷೇಧಿಸಿದೆ. ಪಾಸಾದ ತಪಾಸಣೆಯ ವಿವರವನ್ನು 24 ಗಂಟೆಯೊಳಗೆ ಅಳಿಸಬೇಕು. ಪೊಲೀಸರಿಗೆ ಕೋವಿ ಸಿಕ್ಕಿದರೆ ಕಾರ್ಖಾನೆ, ಸಗಟು ವ್ಯಾಪಾರಿ, ಅಂಗಡಿ, ಮೊದಲ ಗಿರಾಕಿ, ಅಲ್ಲಿಗೆ ಜಾಡು ನಿಲ್ಲುತ್ತದೆ. ಆಮೇಲೆ ಯಾರಿಗೆ ಮಾರಿದ ಎಂದು ಗೊತ್ತಾಗದಿದ್ದರೆ ಕಡ್ಡಾಯ ಮಾಡಿಯೂ ಮುರಿದವನನ್ನು ಹಿಡಿಯುವುದು ಹೇಗೆ? ವಿರೋಧಿಗಳು ಹೇಳುವುದೂ ಅದನ್ನೇ: ಇಂದು ತಪಾಸಣೆ, ನಾಳೆ ನೋಂದಣಿ, ನಾಡಿದ್ದು ಜಪ್ತಿ. ಅದಕ್ಕೇ ತಪಾಸಣೆಯನ್ನು ವಿಸ್ತರಿಸಲು ಸೆನೆಟರ್‌ಗಳಾದ ಮಂಚಿನ್ ಮತ್ತು ಟೂಮಿ 2013ರಲ್ಲಿ ತಂದ ತಿದ್ದುಪಡಿಯಲ್ಲಿ ನೋಂದಣಿ ಮಾಡುವುದಿಲ್ಲ ಎಂದು ಬರೆದುಕೊಟ್ಟರೂ ಸೆನೆಟ್‌ನಲ್ಲಿ 60 ಬೇಕಿದ್ದಲ್ಲಿ 54 ಮತ ಮಾತ್ರ ಬಿತ್ತು.

ನಮ್ಮ ಭಾರತದಲ್ಲಿ ಹೊಣೆ ಕಟ್ಟಿರುವುದು ಕೊಳ್ಳುವವನಿಗೆ. ಪೊಲೀಸ್ ಪರಿಶೀಲನೆಯಾಗಿ ಲೈಸೆನ್ಸ್ ಸಿಕ್ಕಿ, ಕೋವಿಯ ನಂಬರು ಅದರಲ್ಲಿ ಏರಬೇಕು. ಮಾರುವವನೂ ಜಿಲ್ಲಾಧಿಕಾರಿಗೋ ಹತ್ತಿರದ ಠಾಣೆಗೋ ಬರೆದುಕೊಟ್ಟು 45 ದಿನ ಕಾಯಬೇಕು. (ಲೈಸೆನ್ಸ್ ವಿನಾಯಿತಿ ಇರುವ ಕೊಡವರು, ಜಮ್ಮಾ ಹಿಡುವಳಿದಾರರ ಮಾತು ಬೇರೆ.) ಅಮೆರಿಕದಲ್ಲೂ ಮೊದಲು ಪರ್ಮಿಟ್, ಆಮೇಲೆ ಕೋವಿ ಎಂದ ಕನೆಕ್ಟಿಕಟ್‌ನಲ್ಲಿ ಬಂದೂಕು ಕೊಲೆಗಳು ಇಳಿದದ್ದನ್ನೂ, 2007ರಲ್ಲಿ ಪರ್ಮಿಟ್ ಕಿತ್ತುಹಾಕಿದ ಮಿಸೌರಿಯಲ್ಲಿ ಏರಿದ್ದನ್ನೂ ಸಂಶೋಧಕರು ಗುರುತಿಸಿದ್ದಾರೆ. ನಮ್ಮ ಒಲವು ಆ ಕಡೆಗೆ.

ಮುಂದೆ ಗ್ರೀನ್ ಕಾರ್ಡೋ ಬೇಟೆ ಪರವಾನಗಿಯೋ ಬಂದು, ಕೊಳ್ಳುವ ಮನಸ್ಸೂ ಉಳಿದಿದ್ದರೆ, ನೆರೆಯವರನ್ನು ಕರೆದುಕೊಂಡು ಲೈಸೆನ್ಸ್ ಇರುವ ಅಂಗಡಿಗೆ ಹೋಗಿ. ಸಣ್ಣ ಶುಲ್ಕಕ್ಕೆ ಅವರೇ ತಪಾಸಣೆ ಮಾಡಿಸಿಕೊಡುತ್ತಾರೆ. ಉತ್ತರ ಬರುವವರೆಗೆ ಮಾರುವವರು ಅಲ್ಲೇ ಇರಲಿ. ಕೋವಿ ಬಿಟ್ಟು ಹೊರಟುಹೋದರೆ ಅಂಗಡಿಯವನು ಅದನ್ನು ತನ್ನ ಪುಸ್ತಕಕ್ಕೆ ಏರಿಸಿಕೊಳ್ಳಬೇಕು. ಆಮೇಲೆ ನಿಮ್ಮ ಹೆಸರಿಗೆ 'ಕೊಡಬೇಡಿ' ಎಂದು ಬಂದರೆ, ತಮ್ಮದೇ ಕೋವಿ ವಾಪಸ್ ಪಡೆಯಲು ನೆರೆಯವರೂ 4473 ತುಂಬಿ ತಪಾಸಣೆಗೆ ನಿಲ್ಲಬೇಕಾಗುತ್ತದೆ.

- ಸಂ.