ಕಿಟಕಿ ಹೊರಗಿನ ಲೋಟ

ಒಂದನೇ ಕ್ಲಾಸಿನ ಹುಡುಗಿ, ವಯಸ್ಸು ಆರು. ಮಂಗಳೂರಿನ ನನ್ನ ಕೌನ್ಸೆಲಿಂಗ್ ಕೋಣೆಗೆ ಅಮ್ಮನ ಜೊತೆ ಬಂದಿದ್ದಳು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ.

ಪಕ್ಕದಲ್ಲಿ ಕೂರುವ ಹುಡುಗಿ ಇವಳ ಬಾಟಲಿಯಿಂದ ನೀರು ಕೇಳಿದ್ದಾಳೆ. ಇವಳು, "ನಿನ್ನಮ್ಮ ಮನೆಕೆಲಸಕ್ಕೆ ಹೋಗೋದಲ್ವಾ? ನಿಂಗೆ ಬೇರೆ ಲೋಟ" ಅಂದುಬಿಟ್ಟಿದ್ದಾಳೆ. ಆ ಮಗು ಅವತ್ತು ಊಟ ಮಾಡದೆ ಮಲಗಿತಂತೆ.

"ನಾವು ಮನೆಯಲ್ಲಿ ಜಾತಿಯ ಮಾತೇ ಎತ್ತುವುದಿಲ್ಲ ಮೇಡಂ. ಎಲ್ಲಿಂದ ಕಲಿತಳೋ!" ಅಮ್ಮನ ಕಣ್ಣು ತುಂಬಿತ್ತು.

ಹುಡುಗಿಗೆ ಕಾಗದ, ಬಣ್ಣ ಕೊಟ್ಟು ಮನೆಯ ಅಡುಗೆಕೋಣೆ ಬಿಡಿಸಲು ಹೇಳಿದೆ. ಅಜ್ಜಿ, ಬೆಕ್ಕು, ಕಡೆಯುವ ಕಲ್ಲು ಬಂದವು. ಕಿಟಕಿಯ ಹೊರಗೆ ಒಂದು ಲೋಟ ಕವುಚಿ ಹಾಕಿತ್ತು.

"ಇದು ಯಾರದ್ದು?"

"ಕೆಲಸದ ಅಕ್ಕಂದು. ಅದು ಒಳಗೆ ಬರಬಾರ್ದು."

ಅಮ್ಮ ತುಂಬಾ ಹೊತ್ತು ಆ ಚಿತ್ರವನ್ನೇ ನೋಡಿದರು. ಅತ್ತೆಯವರ ಕಾಲದಿಂದ ಹಾಗೇ ಉಂಟು ಅಂದರು.

ಮಗುವಿಗೆ ಬೈಯಬೇಡಿ, ಒತ್ತಾಯದಿಂದ ಸಾರಿ ಹೇಳಿಸಬೇಡಿ ಅಂದೆ. ಅದು ಕಂಡದ್ದನ್ನು ಕಲಿತಿದೆ, ಅಷ್ಟೆ. ಮೊದಲು ಲೋಟ ಒಳಗೆ ಬರಲಿ. ಅಕ್ಕನಿಗೂ ನೀವು ಕುಡಿಯುವ ಲೋಟದಲ್ಲೇ ಚಾ ಕೊಡಿ, ಮಗು ನೋಡುವಾಗಲೇ ಕೊಡಿ. ಅಸ್ಪೃಶ್ಯತೆ ಯಾವ ರೂಪದಲ್ಲೂ ಇರಬಾರದು ಅಂತ ಸಂವಿಧಾನದ 17ನೇ ವಿಧಿ ಹೇಳುತ್ತದೆ. ಕಿಟಕಿಯ ಲೋಟವೂ ಅದರ ಒಂದು ರೂಪವೇ ಅಂತ ಅವರಿಗೆ ನೇರವಾಗಿ ಹೇಳಿದೆ. ಹೇಳುವಾಗ ನನಗೂ ಸಂಕಟವಾಯಿತು. ಆದರೆ ಊಟ ಬಿಟ್ಟು ಮಲಗಿದ ಆ ಇನ್ನೊಂದು ಮಗು ಕಣ್ಣಮುಂದೆ ಇತ್ತು.

ಮಗುವಿಗೆ ಕಾನೂನು ಬೇಡ, ಕತೆ ಬೇಕು. ಪುರಭವನದ ಹತ್ತಿರ ಕರೆದುಕೊಂಡು ಹೋಗಿ, ಅದಕ್ಕೆ ಯಾಕೆ ಕುದ್ಮುಲ್ ರಂಗರಾವ್ ಅವರ ಹೆಸರು ಅಂತ ಹೇಳಿ ಅಂದೆ. 1892ರಲ್ಲಿ ಇದೇ ಊರಲ್ಲಿ ಅವರು ದಲಿತ ಮಕ್ಕಳಿಗೆ ಶಾಲೆ ತೆರೆದರು. ಸ್ವಂತ ಜಾತಿಯವರೇ ಅವರನ್ನು ದೂರ ಇಟ್ಟರು. ತನ್ನ ಶಾಲೆಯಲ್ಲಿ ಕಲಿತ ಮಕ್ಕಳು ಒಂದು ದಿನ ಕಾರಿನಲ್ಲಿ ಹೋಗಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು ಅನ್ನುವುದು ಅವರ ಆಸೆಯಾಗಿತ್ತು. ಕಾರು, ಧೂಳು, ತಲೆ. ಆರು ವರ್ಷಕ್ಕೆ ಇಷ್ಟು ಚೆನ್ನಾಗಿ ಅರ್ಥವಾಗುತ್ತದೆ.

ಮೂರು ವಾರ ಬಿಟ್ಟು ಅಮ್ಮ ಒಬ್ಬರೇ ಬಂದರು. ಹುಡುಗಿ ತಾನಾಗಿಯೇ ಗೆಳತಿಗೆ ಬಾಟಲಿ ಕೊಟ್ಟಿದ್ದಾಳೆ. ಮನೆಯಲ್ಲಿ ಮಾತ್ರ ಅಕ್ಕ ಒಳಗೆ ಕೂತು ಚಾ ಕುಡಿಯುವಾಗ ಅಜ್ಜಿ ಎದ್ದು ಚಾವಡಿಗೆ ಹೋಗುತ್ತಾರಂತೆ.

"ಏನು ಮಾಡಲಿ ಮೇಡಂ?"

ಮಗುವಿನ ಎದುರು ಜಗಳ ಬೇಡ, ಅಜ್ಜಿಗೆ ಸಮಯ ಕೊಡಿ ಅಂದೆ. ಆದರೆ ಆ ಲೋಟ ಮಾತ್ರ ಮತ್ತೆ ಕಿಟಕಿಗೆ ಹೋಗುವುದು ಬೇಡ.