ಒಬ್ಬ ಶ್ವಾಸಕೋಶ ತಜ್ಞರ ಹೆಸರಲ್ಲಿ 200 ಪೇಪರ್ ಇದ್ದರೆ ಅವರನ್ನು ನಂಬಿ ಹೋಗಬಹುದಾ?

ನೀವು ಕೇಳಿರುವುದು ಇಷ್ಟು. ಮದ್ದೂರು ಕಡೆಯ ಹಳ್ಳಿಯಲ್ಲಿರುವ ನಿಮ್ಮ ತಾಯಿಗೆ ವರ್ಷಗಳಿಂದ ಕೆಮ್ಮು, ದಮ್ಮು. ಬೀಡಿ ಸಿಗರೇಟು ಮುಟ್ಟಿದವರಲ್ಲ, ಆದರೂ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರು ಕಟ್ಟುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಅಂದಿದ್ದಾರೆ. ಮೈಸೂರಿನಲ್ಲಿ ತೋರಿಸೋಣ ಅಂತ ಹುಡುಕಿದಾಗ ಒಬ್ಬ ಡಾಕ್ಟರ ಹೆಸರಲ್ಲಿ 200ಕ್ಕೂ ಜಾಸ್ತಿ ಸಂಶೋಧನಾ ಲೇಖನ ಕಂಡವು. ಅಷ್ಟು ಬರೆದಿದ್ದಾರೆ ಅಂದರೆ ಒಳ್ಳೆಯ ಡಾಕ್ಟರೇ ಅಲ್ವಾ ಅನ್ನುವುದು ನಿಮ್ಮ ಪ್ರಶ್ನೆ.

ನಾನು ಮೈಸೂರಿನ ಒಂದು ಮೆಡಿಕಲ್ ಕಾಲೇಜಿನ ಲೈಬ್ರರಿಯಲ್ಲಿದ್ದೇನೆ. ಡಾಕ್ಟರುಗಳ ಪೇಪರ್ ಪಟ್ಟಿ ತೆಗೆದು ಸರಿಮಾಡಿ ಕೊಡುವುದು ನನ್ನ ದಿನನಿತ್ಯದ ಕೆಲಸ. ಔಷಧಿ ವಿಷಯ ಹೇಳಲು ನಾನು ಯಾರೂ ಅಲ್ಲ. ಪಟ್ಟಿ ಓದುವುದು ಹೇಗೆ ಅಂತ ಹೇಳಬಲ್ಲೆ.

ಮೊದಲು ಆ 200 ಅನ್ನು ಪಕ್ಕಕ್ಕಿಡಿ. ನಮ್ಮ ಕಡೆಯವರಿಗೆ ಹೆಸರೇ ದೊಡ್ಡ ತೊಡಕು. ಮನೆತನದ ಹೆಸರಿಲ್ಲ, ಬರೀ ಇನಿಷಿಯಲ್. ವೈದ್ಯಕೀಯ ಪೇಪರ್ ಹುಡುಕುವ ಪಬ್‌ಮೆಡ್ ಅನ್ನುವ ವೆಬ್‌ಸೈಟಿನಲ್ಲಿ 'ಕುಮಾರ್ ಎಸ್' ಅಂತ ಹುಡುಕಿ ನೋಡಿ, ದೇಶದ ಮೂಲೆಮೂಲೆಯ ಕುಮಾರರೆಲ್ಲ ಒಟ್ಟಿಗೆ ಬರುತ್ತಾರೆ. ಇದಕ್ಕೇ ಅಂತ 2012ರಿಂದ ಆರ್ಕಿಡ್ ಅನ್ನುವ 16 ಅಂಕಿಯ ಗುರುತಿನ ಸಂಖ್ಯೆ ಇದೆ. ಅದು ಇದ್ದರೆ ಆ ಪಟ್ಟಿಯನ್ನೇ ನೋಡಿ. ಇನ್ನೊಂದು, ಕೆಲವು ಪೇಪರಿಗೆ ನೂರಾರು ಜನ ಲೇಖಕರು ಇರುತ್ತಾರೆ. ಅದು ಮೋಸವೇನಲ್ಲ, ದೊಡ್ಡ ಸರ್ವೆಗಳು ನಡೆಯುವುದೇ ಹಾಗೆ. ಆದರೆ ಅದರಿಂದ ಒಬ್ಬರ ಕೆಲಸ ಎಷ್ಟು ಅಂತ ಗೊತ್ತಾಗಲ್ಲ. ಲೇಖಕರ ಸಾಲಿನಲ್ಲಿ ಮೊದಲ ಹೆಸರು ಮತ್ತು ಕೊನೆಯ ಹೆಸರು ನೋಡಿ. ನಮ್ಮ ವೈದ್ಯಕೀಯ ಪೇಪರುಗಳಲ್ಲಿ ಸಾಮಾನ್ಯವಾಗಿ ಮೊದಲನೆಯವರು ಜಾಸ್ತಿ ದುಡಿದವರು, ಕೊನೆಯವರು ಮುಂದೆ ನಿಂತು ನಡೆಸಿದ ಹಿರಿಯರು.

ಎಚ್-ಇಂಡೆಕ್ಸ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. 2005ರಲ್ಲಿ ಹಿರ್ಷ್ ಅನ್ನುವ ಭೌತವಿಜ್ಞಾನಿ ಮಾಡಿದ ಲೆಕ್ಕ ಅದು. 30 ಅಂದರೆ, ಅವರ 30 ಪೇಪರುಗಳು ತಲಾ 30 ಸಲವಾದರೂ ಬೇರೆ ಪೇಪರುಗಳಲ್ಲಿ ಉಲ್ಲೇಖವಾಗಿವೆ ಅಂತ ಅರ್ಥ. ಡಾಕ್ಟರ ಕೈಗುಣವನ್ನು ಅದು ಹೇಳಲ್ಲ.

ನಾನಾದರೆ ಶೀರ್ಷಿಕೆಗಳನ್ನು ಓದುತ್ತೇನೆ. ಹತ್ತಾರು ವರ್ಷ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದಾರಾ? ಆ ಪ್ರಶ್ನೆ ನಿಮ್ಮ ತಾಯಿಯಂಥವರದಾ? ನಿಮಗೆ ಉಪಯೋಗವಾಗುವ ಒಂದು ಪೇಪರ್ ಹೇಳುತ್ತೇನೆ. 2013ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ಬಂದದ್ದು, ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರ ಮೇಲೆ ಮಾಡಿದ್ದು. ಸೌದೆ, ಬೆರಣಿ ಒಲೆಯ ಹೊಗೆ ಎಷ್ಟು ಕುಡಿದರೆ ಹಳೆ ಕೆಮ್ಮು-ಕಫದ ಕಾಯಿಲೆ, ಅಂದರೆ ಕ್ರಾನಿಕ್ ಬ್ರಾಂಕೈಟಿಸ್, ಬರುವ ಅಪಾಯ ಹೆಚ್ಚುತ್ತದೆ ಅಂತ ಆ ಪೇಪರ್ ಬರೆದವರು ನೋಡಿದರು. ಲೆಕ್ಕ ಬಹಳ ಸುಲಭ. ದಿನಕ್ಕೆ ಒಲೆ ಮುಂದೆ ಕೂತ ಗಂಟೆಗಳನ್ನು ಅಡುಗೆ ಮಾಡಿದ ವರ್ಷಗಳಿಂದ ಗುಣಿಸುವುದು. ಆ ಗುಣಲಬ್ಧ 60 ಆದಾಗ ಅಪಾಯ ಸ್ಪಷ್ಟವಾಗಿ ಕಾಣಿಸಿಕೊಂಡಿತು. ದಿನಕ್ಕೆ ಮೂರು ಗಂಟೆ, 25 ವರ್ಷ ಅಂದರೆ 75. ನಮ್ಮ ಅವ್ವಂದಿರಲ್ಲಿ ಎಷ್ಟು ಜನ 60ರ ಒಳಗೆ ಉಳಿದಿರಬಹುದು ಹೇಳಿ. ಬೀಡಿ ಸೇದದವರಿಗೂ ಈ ಕಾಯಿಲೆ ಯಾಕೆ ಅನ್ನುವುದಕ್ಕೆ ಉತ್ತರ ಅಲ್ಲೇ ಇದೆ.

ಈ ಪೇಪರ್ ನನಗೆ ತುಂಬಾ ಇಷ್ಟ. ದೊಡ್ಡ ಯಂತ್ರ ಬೇಡದ, ಹಳ್ಳಿಯ ಆಶಾ ಕಾರ್ಯಕರ್ತೆಯೂ ಬಾಯಲ್ಲೇ ಹಾಕಬಹುದಾದ ಲೆಕ್ಕ ಅದು. ಇಡೀ ದೇಶದ ಚಿತ್ರ ಬೇಕಿದ್ದರೆ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಅನ್ನುವ ವಿದೇಶಿ ವೈದ್ಯಕೀಯ ಪತ್ರಿಕೆಯಲ್ಲಿ 2018ರಲ್ಲಿ ಬಂದ ಪೇಪರ್ ನೋಡಿ. 1990ರಲ್ಲಿ ಭಾರತದಲ್ಲಿ 2.81 ಕೋಟಿ ಇದ್ದ ಸಿಒಪಿಡಿ ರೋಗಿಗಳು 2016ಕ್ಕೆ 5.53 ಕೋಟಿ ಆಗಿದ್ದಾರೆ ಅಂತ ಅಲ್ಲಿದೆ. ಆದರೆ ನಿಮ್ಮ ತಾಯಿಯ ಡಾಕ್ಟರನ್ನು ಹುಡುಕಲು ನಾನು ಲ್ಯಾನ್ಸೆಟ್‌ಗಿಂತ ಲಂಗ್ ಇಂಡಿಯಾದಂಥ ನಮ್ಮದೇ ಪತ್ರಿಕೆಯಲ್ಲಿ, ನಮ್ಮ ಹಳ್ಳಿಗಳ ಬಗ್ಗೆ ಬಂದ ಪೇಪರಿಗೆ ಹೆಚ್ಚು ಬೆಲೆ ಕೊಡುತ್ತೇನೆ.

ಒಂದು ಮಾತು ನೇರವಾಗಿ ಹೇಳಬೇಕು. ಬರೆಯದ ಡಾಕ್ಟರೂ ಒಳ್ಳೆಯ ಡಾಕ್ಟರಾಗಿರುತ್ತಾರೆ. ಮೆಡಿಕಲ್ ಕಾಲೇಜಿನಲ್ಲಿ ಬಡ್ತಿಗೆ ಪೇಪರ್ ಬೇಕೇಬೇಕು, ಹಾಗಾಗಿ ಸುಮ್ನೆ ಬರೆಯುವವರೂ ಇದ್ದಾರೆ. ಮಂಡ್ಯದಲ್ಲೇ ಚೆನ್ನಾಗಿ ನೋಡುವವರು ಸಿಕ್ಕಿ, ಇನ್‌ಹೇಲರ್ ಎಳೆಯುವುದನ್ನು ಕೈಹಿಡಿದು ಕಲಿಸುತ್ತಾರೆ ಅಂದರೆ ಮೈಸೂರಿನ 200 ಪೇಪರಿಗಿಂತ ಅವರೇ ವಾಸಿ. ತಿಂಗಳು ತಿಂಗಳು ಬಸ್ಸಿನಲ್ಲಿ ಕರೆದುಕೊಂಡು ಬರಬೇಕಾದವರು ನೀವು.

ಯಾರ ಹತ್ತಿರ ಹೋದರೂ ಸ್ಪೈರೋಮೆಟ್ರಿ ಆಗಿದೆಯಾ ಅಂತ ಕೇಳಿ. ಮೆಷಿನ್ನಿಗೆ ಜೋರಾಗಿ ಊದಿಸುತ್ತಾರಲ್ಲ, ಅದು. ಅದಿಲ್ಲದೆ ಬರೀ ಎಕ್ಸ್‌ರೇ ನೋಡಿ ಸಿಒಪಿಡಿ ಅಂತ ಖಚಿತವಾಗಿ ಹೇಳಲು ಬರುವುದಿಲ್ಲ. ಹೋಗುವ ಮುಂಚೆ ಅಮ್ಮನನ್ನು ಕೂರಿಸಿಕೊಂಡು ಆ ಹೊಗೆ ಲೆಕ್ಕ ಹಾಕಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಯಾವ ವಯಸ್ಸಿನಿಂದ ಒಲೆ ಹಚ್ಚಿದರು, ಗ್ಯಾಸ್ ಯಾವಾಗ ಬಂತು, ಬಂದ ಮೇಲೂ ನೀರು ಕಾಯಿಸಲು ಸೌದೆ ಉರಿಸುತ್ತಾರಾ. ಆಲೆಮನೆಯಲ್ಲಿ ದುಡಿದಿದ್ದರೆ ಅದನ್ನೂ ಮರೆಯದೆ ಸೇರಿಸಿ.