ಹಿತ್ತಲಿನ ರಂಬುಟಾನ್, ಮೂರು ವರ್ಷದ ಮಗು

ಪ್ರಶ್ನೆ: ಅಡಿಕೆ ತೋಟದ ಅಂಚಿನ ರಂಬುಟಾನ್ ಗಿಡ ಈ ಮಳೆಗಾಲ ಮೊದಲ ಫಸಲು ಕೊಟ್ಟಿದೆ. ಧಾರೆಹುಳಿಯೂ (ಸ್ಟಾರ್ ಫ್ರೂಟ್) ಇದೆ. 3 ವರ್ಷದ ಮಗಳಿಗೆ ಕೊಡಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಧಾರಾಳವಾಗಿ ಕೊಡಿ, ಆದರೆ ರಂಬುಟಾನ್ ಇಡಿಯಾಗಿ ಬೇಡವೇ ಬೇಡ. ಸುಲಿದ ಹಣ್ಣು ಉರುಟು, ಜಾರು. ಬೀಜ ಸಮೇತ ಗಂಟಲಿಗಿಳಿದರೆ ಉಸಿರು ಕಟ್ಟೀತು. ಸಿಪ್ಪೆಯ ನಡುವಿಗೆ ಸುತ್ತ ಚಾಕುವಿನಿಂದ ಗೀರಿ ಬಿಡಿಸಿ. ಮೇಲಿನ ಕೂದಲಿನಂಥ ಮುಳ್ಳನ್ನು ಮಗು ಮುಟ್ಟಿ ನೋಡಲಿ, ಚುಚ್ಚುವುದಿಲ್ಲ. ತಿರುಳನ್ನು ಉದ್ದಕ್ಕೆ ಸೀಳಿ ಬೀಜದಿಂದ ಬೇರ್ಪಡಿಸಿ. ಒಳಮೈಗೆ ಬೀಜದ ಕಂದು ಪೊರೆ ಕಾಗದದ ಚೂರಿನಂತೆ ಅಂಟಿ ಬರುತ್ತದೆ. ಉಗುರಿನಿಂದ ಎಬ್ಬಿಸಿ ತೆಗೆಯಿರಿ. ಮಕ್ಕಳು ಮೊದಲ ತುತ್ತಿಗೇ ಉಗುಳುವುದು ಹೆಚ್ಚಾಗಿ ಈ ಪೊರೆಗೆ, ರುಚಿಗಲ್ಲ. ಒಂದು ಹಣ್ಣಿನ ತಿರುಳನ್ನು 8 ಚೂರು ಮಾಡಿ, ಕೂತು ತಿನ್ನಲಿ. ಮೊದಲ ದಿನಕ್ಕೆ ಒಂದೇ ಹಣ್ಣು ಸಾಕು. ತುಟಿ ಊದಿದರೆ, ಮೈ ತುರಿಸಿದರೆ ನಿಲ್ಲಿಸಿ. ಉಸಿರಾಟಕ್ಕೆ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಹಸಿರಿರುವಾಗಲೇ ಕೊಯ್ದರೆ ಹುಳಿಯಾಗಿಯೇ ಉಳಿಯುತ್ತದೆ. ಇದು ಮಾವು, ಹಲಸಿನಂತೆ ಕೊಯ್ದ ಮೇಲೆ ಹಣ್ಣಾಗುವ ಜಾತಿಯಲ್ಲ.

ಧಾರೆಹುಳಿ ಪೂರ್ತಿ ಹಳದಿಯಾಗಲಿ. ಏಣುಗಳ ಅಂಚು ಹೆರೆದು, ಅಡ್ಡಕ್ಕೆ ತೆಳ್ಳಗೆ ಕೊಯ್ದರೆ ನಕ್ಷತ್ರ. ಮಗುವಿಗೆ ಅದೇ ಹಬ್ಬ. ಬೀಜ ತೆಗೆದು ಒಂದು ಬಿಲ್ಲೆ ಕೊಡಿ. ಆದರೆ ಮೂತ್ರಪಿಂಡದ ತೊಂದರೆ ಇರುವವರು, ಮಕ್ಕಳಾಗಲಿ ಅಜ್ಜ-ಅಜ್ಜಿಯಾಗಲಿ, ಇದನ್ನು ಮುಟ್ಟಲೇಬಾರದು. ಇದರಲ್ಲಿ ನರಕ್ಕೆ ವಿಷವಾಗುವ ಅಂಶವಿದೆ. ಅದು ಹೊರಹೋಗದೆ ಉಳಿದರೆ ಬಿಡದ ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್‌ವರೆಗೂ ಹೋಗಬಹುದು.